ಫೋಟೋ ಮೊದಲೇ ತೋರಿಸಿದ್ದಾರೆ, ಈಗ ಜೈಲಿನಲ್ಲಿ ಗುರುತಿಸಬೇಕಂತೆ: ಸಾಕ್ಷಿ ಏನು ಹೇಳಬೇಕು?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಮಲೆನಾಡು ಭಾಗದಲ್ಲಿರುವ ಸಣ್ಣ ಕಾಫಿ ತೋಟ. ಕೊಯ್ಲು ಮುಗಿಯುತ್ತಿದ್ದ ಹೊತ್ತಿನಲ್ಲಿ ಒಂದು ರಾತ್ರಿ ಕಣದಿಂದ ಕಾಫಿ ಮೂಟೆಗಳನ್ನು ಪಿಕಪ್ ಗಾಡಿಗೆ ತುಂಬುತ್ತಿದ್ದ ಇಬ್ಬರನ್ನು ತಡೆಯಲು ನಾನೂ ನಮ್ಮ ತೋಟದ ಲೆಕ್ಕ ನೋಡಿಕೊಳ್ಳುವ ರೈಟರೂ ಹೋದೆವು. ಒಬ್ಬನು ಕತ್ತಿ ಎತ್ತಿ ಬೆದರಿಸಿದ. ಇನ್ನೊಬ್ಬ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ತಿಂಗಳು ಕಳೆದ ಮೇಲೆ ಠಾಣೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬನ ಫೋಟೋ ಕಳುಹಿಸಿ ‘ಇವನೇನಾ ನೋಡಿ’ ಎಂದರು. ‘ಇರಬಹುದು’ ಎಂದು ಉತ್ತರಿಸಿದೆ. ಅವನು ಹೊರರಾಜ್ಯದಿಂದ ತೋಟದ ಕೆಲಸಕ್ಕೆ ಬಂದವನಂತೆ. ಈಗ ಜೈಲಿನಲ್ಲಿ ಗುರುತಿಸುವ ಪರೇಡ್ ಇದೆ, ಇಬ್ಬರೂ ಬರಬೇಕು ಎಂದು ತಹಶೀಲ್ದಾರರಿಂದ ಪತ್ರ ಬಂದಿದೆ. ಫೋಟೋ ವಿಷಯ ಅಲ್ಲಿ ಎತ್ತಬೇಡಿ ಎಂದು ಪೊಲೀಸರೊಬ್ಬರು ಹೇಳಿದ್ದಾರೆ. ಹೇಳಬೇಕೇ, ಬೇಡವೇ? ಗುರುತಿಸಲು ಆಗದಿದ್ದರೆ ನಮ್ಮ ಕೇಸು ಬಿದ್ದುಹೋಗುತ್ತದೆಯೇ? ಅವನ ಎದುರಿಗೇ ನಿಂತು ಬೆರಳು ತೋರಿಸಬೇಕೇ?

ಉತ್ತರ: ಫೋಟೋ ವಿಷಯವನ್ನು ಹೇಳಲೇಬೇಕು. ಪರೇಡ್ ಎಂದರೆ ಶಂಕಿತನನ್ನು ಅವನನ್ನು ಹೋಲುವ ಇತರರ ಸಾಲಿನಲ್ಲಿ ನಿಲ್ಲಿಸಿ, ಸಾಕ್ಷಿಗೆ ಗುರುತಿಸಲು ಹೇಳುವುದು. ಪರೇಡ್ ನಡೆಸುವ ತಹಶೀಲ್ದಾರರು ಸಾಮಾನ್ಯವಾಗಿ ಪ್ರತಿಯೊಬ್ಬ ಸಾಕ್ಷಿಯನ್ನೂ ‘ಘಟನೆಯ ನಂತರ ಈ ವ್ಯಕ್ತಿಯನ್ನಾಗಲಿ ಅವನ ಭಾವಚಿತ್ರವನ್ನಾಗಲಿ ಎಲ್ಲಿಯಾದರೂ ನೋಡಿದ್ದೀರಾ’ ಎಂದು ಕೇಳಿ, ಉತ್ತರವನ್ನು ವರದಿಯಲ್ಲಿ ಬರೆದುಕೊಳ್ಳುತ್ತಾರೆ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೇಳದಿದ್ದರೆ ನೀವಾಗಿಯೇ ಹೇಳಿ ಬರೆಸಿ. ಆ ಸಂದೇಶವನ್ನು ನಿಮ್ಮ ಫೋನಿನಿಂದ ಅಳಿಸಬೇಡಿ. ಅದು ಬಂದ ದಿನಾಂಕ, ನೀವು ಕೊಟ್ಟ ಉತ್ತರ ಎರಡೂ ಅಲ್ಲಿ ಉಳಿದಿರುವುದು ನಿಮಗೇ ರಕ್ಷಣೆ. ಮುಂದೆ ಅದು ಸಾಕ್ಷ್ಯವಾಗಿ ಬೇಕಾದರೆ, ವಿದ್ಯುನ್ಮಾನ ದಾಖಲೆಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಬೇಕಾದ ಪ್ರಮಾಣಪತ್ರದ ವ್ಯವಸ್ಥೆಯನ್ನು ವಕೀಲರು ನೋಡಿಕೊಳ್ಳುತ್ತಾರೆ.

ನಿಮಗೆ ಹಾಗೆ ಸಲಹೆ ಕೊಟ್ಟ ಪೊಲೀಸರು ಬಹುಶಃ ಕೇಸು ಉಳಿಯಲಿ ಎಂಬ ಉದ್ದೇಶದಿಂದಲೇ ಹೇಳಿರಬಹುದು. ಆದರೆ ಅದು ಕೇಸನ್ನೂ ಉಳಿಸುವುದಿಲ್ಲ, ನಿಮ್ಮನ್ನೂ ಉಳಿಸುವುದಿಲ್ಲ. ವಿಚಾರಣೆಯ ಕಾಲಕ್ಕೆ ನೀವು ಪ್ರಮಾಣ ಮಾಡಿ ಸಾಕ್ಷಿ ನುಡಿಯುವಾಗ, ಆರೋಪಿಯ ಪರ ವಕೀಲರು ಪಾಟೀ ಸವಾಲಿನಲ್ಲಿ ಕೇಳುವ ಮೊದಲ ಕೆಲವು ಪ್ರಶ್ನೆಗಳಲ್ಲಿ ಇದೂ ಒಂದಾಗಿರುತ್ತದೆ. ಆಗ ‘ನೋಡಿಲ್ಲ’ ಎಂದರೆ ಅದು ಸುಳ್ಳು ಸಾಕ್ಷ್ಯ. ‘ನೋಡಿದ್ದೆ, ಆದರೆ ಹೇಳಿರಲಿಲ್ಲ’ ಎಂದರೆ ನಿಮ್ಮ ಉಳಿದ ಮಾತುಗಳ ಮೇಲೂ ಅನುಮಾನ ಬೀಳುತ್ತದೆ. ಶಂಕಿತನು ಪರೇಡಿಗೆ ಲಭ್ಯನಿರುವಾಗ ಅವನ ಭಾವಚಿತ್ರವನ್ನು ಸಾಕ್ಷಿಗೆ ಮುಂಚಿತವಾಗಿ ತೋರಿಸಕೂಡದು ಎಂದು ಸುಪ್ರೀಂ ಕೋರ್ಟ್ ಡಿ. ಗೋಪಾಲಕೃಷ್ಣನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾರೆಂದೇ ತಿಳಿಯದ ಹಂತದಲ್ಲಿ, ತನಿಖೆಗೆ ದಾರಿ ಹುಡುಕಲು ಹಲವು ಭಾವಚಿತ್ರಗಳನ್ನು ಒಟ್ಟಿಗೆ ತೋರಿಸುವುದು ಬೇರೆ ಮಾತು. ಒಬ್ಬನದೇ ಚಿತ್ರ ಕಳುಹಿಸಿ ‘ಇವನೇನಾ’ ಎಂದು ಕೇಳುವುದು ಪ್ರಶ್ನೆಯೊಳಗೇ ಉತ್ತರ ಇಟ್ಟು ಕೊಟ್ಟಂತೆ. ಹಾಗೆಂದು ಫೋಟೋ ನೋಡಿದ ಮಾತ್ರಕ್ಕೆ ನಿಮ್ಮ ಸಾಕ್ಷ್ಯ ಪೂರ್ತಿ ತಿರಸ್ಕೃತವಾಗುವುದಿಲ್ಲ. ನ್ಯಾಯಾಲಯ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಉಳಿದ ಸಾಕ್ಷ್ಯಗಳ ಜೊತೆ ಇಟ್ಟು ತೂಗುತ್ತದೆ. ಮುಚ್ಚಿಟ್ಟರೆ ಮಾತ್ರ ತೂಗುವ ಅವಕಾಶವೇ ತಪ್ಪುತ್ತದೆ.

ಇನ್ನು ನಿಮ್ಮನ್ನು ಕರೆದವರು ತಹಶೀಲ್ದಾರರೇ ಏಕೆ, ಠಾಣೆಯಲ್ಲೇ ಏಕೆ ತೋರಿಸುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಈ ಇಡೀ ಕಾರ್ಯಕ್ರಮದ ಅರ್ಥ ತಿಳಿಯುತ್ತದೆ. ತನಿಖೆಯ ಸಮಯದಲ್ಲಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಸಾಕ್ಷಿಯ ಮಾತಿಗೆ ಬೆಂಬಲವಾಗಿ ಬಳಸುವಂತಿಲ್ಲ ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 162ನೇ ಕಲಮಿನ ನಿಯಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ನಿಯಮ 181ನೇ ಕಲಮಿನಲ್ಲಿದೆ. ‘ಇವನೇ’ ಎಂದು ಬೆರಳು ತೋರಿಸುವುದೂ ಒಂದು ಹೇಳಿಕೆಯೇ. ಆದ್ದರಿಂದ ಪೊಲೀಸರೇ ನಡೆಸಿದ ಪರೇಡ್ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂದು 1950ರ ದಶಕದ ರಾಮಕಿಶನ್ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ ನಿರ್ಧರಿಸಿತು. ಪರೇಡ್ ನಡೆಯುವಾಗ ತನಿಖಾಧಿಕಾರಿ ಅಲ್ಲಿ ಹಾಜರಿದ್ದರೆ ಏನಾಗುತ್ತದೆ ಎಂಬುದಕ್ಕೆ 2022ರ ಗಿರೀಶನ್ ನಾಯರ್ ತೀರ್ಪನ್ನು ನೋಡಬಹುದು. ಅಲ್ಲಿ ಸಾಕ್ಷಿಗಳಿಗೆ ಆರೋಪಿಗಳನ್ನು ಮುಂಚೆಯೇ ನೋಡುವ ಅವಕಾಶವಿತ್ತು, ತನಿಖಾಧಿಕಾರಿಯೂ ಸ್ಥಳದಲ್ಲಿದ್ದರು ಎಂಬ ಕಾರಣಗಳಿಂದ ಪರೇಡನ್ನೇ ನಂಬಲಿಲ್ಲ. ನಮ್ಮ ರಾಜ್ಯದಲ್ಲಿ ಈ ಕೆಲಸ ಹೆಚ್ಚಾಗಿ ತಾಲ್ಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಯ ಅಧಿಕಾರವಿರುವ ತಹಶೀಲ್ದಾರರ ಪಾಲಿಗೆ ಬರುತ್ತದೆ. ಜೈಲಿನ ಒಳಗೆ ಅವರು, ನಡೆದದ್ದಕ್ಕೆ ಸಾಕ್ಷಿಯಾಗಿ ಕರೆಸಿದ ಪಂಚರು, ಜೈಲಿನ ಸಿಬ್ಬಂದಿ ಇರಬಹುದು. ನಿಮ್ಮ ಹೇಳಿಕೆ ಬರೆದುಕೊಂಡ ಠಾಣೆಯವರು ಇರಬಾರದು. ಇದ್ದರೆ, ಅಥವಾ ಗೇಟಿನ ಬಳಿ ಯಾರಾದರೂ ಬಂದು ‘ಎಡಗಡೆಯಿಂದ ಇಷ್ಟನೆಯವನು’ ಎಂದು ಪಿಸುಗುಟ್ಟಿದರೆ, ಅದನ್ನೂ ತಹಶೀಲ್ದಾರರಿಗೆ ಹೇಳಿ.

ಹಾಗಾದರೆ ಪರೇಡಿನ ಬೆಲೆ ಎಷ್ಟು? ಜನರು ತಿಳಿದುಕೊಂಡಿರುವಷ್ಟು ದೊಡ್ಡದಲ್ಲ, ವಕೀಲರು ಕೆಲವೊಮ್ಮೆ ಹೇಳುವಷ್ಟು ಚಿಕ್ಕದೂ ಅಲ್ಲ. ಅದು ತನಿಖೆ ಸರಿದಾರಿಯಲ್ಲಿದೆಯೇ ಎಂದು ಪರೀಕ್ಷಿಸುವ ಸಾಧನ. ಸ್ವತಂತ್ರ ಸಾಕ್ಷ್ಯವಲ್ಲ ಎಂದು 1971ರ ಮಾತ್ರು ತೀರ್ಪಿನಿಂದ ಇಂದಿನವರೆಗೂ ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ. ನೀವು ವಿಚಾರಣೆಯ ದಿನ ನ್ಯಾಯಾಧೀಶರ ಮುಂದೆ ಆರೋಪಿಯನ್ನು ಗುರುತಿಸಿ ಹೇಳುವುದೇ ಮೂಲ ಸಾಕ್ಷ್ಯ. ಆದರೆ ಮೊದಲು ಪರಿಚಯವೇ ಇಲ್ಲದ ವ್ಯಕ್ತಿಯನ್ನು ವರ್ಷಗಳ ನಂತರ, ಅವನು ಆರೋಪಿಯ ಸ್ಥಾನದಲ್ಲಿ ನಿಂತಿರುವಾಗ ‘ಇವನೇ’ ಎಂದರೆ ಅದಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕವಿರುವುದಿಲ್ಲ. ಯಾರನ್ನು ತೋರಿಸಬೇಕೆಂದು ಆ ಕೊಠಡಿಯೇ ಹೇಳಿಕೊಡುತ್ತದೆ. ಆ ಕೊರತೆಯನ್ನು ತುಂಬಲು ಪರೇಡ್ ಬೇಕು. ಹಿಂದಿನ ಸಾಕ್ಷ್ಯ ಕಾಯ್ದೆಯ 9ನೇ ಕಲಮು, ಈಗಿನ ಸಾಕ್ಷ್ಯ ಅಧಿನಿಯಮದ 7ನೇ ಕಲಮು ಇದಕ್ಕೆ ಆಧಾರ. ಬಂಧಿತನನ್ನು ಪರೇಡಿಗೆ ಒಳಪಡಿಸಲು ಠಾಣಾಧಿಕಾರಿಯ ಕೋರಿಕೆಯ ಮೇರೆಗೆ ನ್ಯಾಯಾಲಯ ಆದೇಶಿಸಬಹುದೆಂದು ಸುರಕ್ಷಾ ಸಂಹಿತೆಯ 54ನೇ ಕಲಮು ಹೇಳುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೇ ವಿಧಿಯನ್ನು ಮುಂದಿಟ್ಟು ಆರೋಪಿ ಇದನ್ನು ತಪ್ಪಿಸಿಕೊಳ್ಳುವಂತಿಲ್ಲ ಎಂದು 2023ರಲ್ಲಿ ಮುಕೇಶ್ ಸಿಂಗ್ ಪ್ರಕರಣದ ತೀರ್ಪು ಬಂದಿದೆ. ನಿಮಗೆ ಪರಿಚಯವಿದ್ದವನೇ ಕಳ್ಳತನ ಮಾಡಿದ್ದರೆ ಇದಾವುದೂ ಬೇಕಿರಲಿಲ್ಲ.

ನಿಮ್ಮ ಪ್ರಕರಣದಲ್ಲಿ ನನಗೆ ಹೆಚ್ಚು ಆತಂಕ ತರುವ ಸಂಗತಿ ಫೋಟೋ ಅಲ್ಲ. ಬಂಧಿತನು ಹೊರರಾಜ್ಯದ ಕಾರ್ಮಿಕ ಎಂಬುದು. ಪರೇಡಿನ ನ್ಯಾಯ ಇರುವುದು ಶಂಕಿತನ ಅಕ್ಕಪಕ್ಕ ಯಾರನ್ನು ನಿಲ್ಲಿಸುತ್ತಾರೆ ಎಂಬುದರಲ್ಲಿ. ವಯಸ್ಸು, ಎತ್ತರ, ಮೈಕಟ್ಟು, ಬಣ್ಣ, ಮುಖದ ಚಹರೆ, ಗಡ್ಡ ಮೀಸೆ, ಉಡುಪು ಇವೆಲ್ಲವೂ ಸುಮಾರಾಗಿ ಹೋಲುವವರು ಸಾಲಿನಲ್ಲಿರಬೇಕು. ಎಷ್ಟು ಮಂದಿ ಇರಬೇಕೆಂದು 54ನೇ ಕಲಮು ಹೇಳುವುದಿಲ್ಲ. ಇಂಗ್ಲೆಂಡಿನ ನಿಯಮದಲ್ಲಿ ಒಬ್ಬ ಶಂಕಿತನ ಜೊತೆ ಕನಿಷ್ಠ 8 ಜನ ಇರಬೇಕು. ಆದರೆ ಸಂಖ್ಯೆಗಿಂತ ಹೋಲಿಕೆ ಮುಖ್ಯ. ಕೊಯ್ಲಿನ ಕಾಲದಲ್ಲಿ ನಮ್ಮ ಮಲೆನಾಡಿನ ಲೈನು ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಎಷ್ಟೋ ಜನರಿರುತ್ತಾರೆ. ಅಂಥ ಒಬ್ಬನನ್ನು ಹಾಸನದ ಜೈಲಿನಲ್ಲಿ ಸಿಕ್ಕ ಸ್ಥಳೀಯ ವಿಚಾರಣಾಧೀನ ಕೈದಿಗಳ ನಡುವೆ ನಿಲ್ಲಿಸಿದರೆ, ಆ ರಾತ್ರಿ ತೋಟದ ಹತ್ತಿರವೂ ಸುಳಿಯದ ಯಾರನ್ನು ಕರೆತಂದು ಕೇಳಿದರೂ ‘ಇವನಿರಬೇಕು’ ಎಂದು ಅವನನ್ನೇ ತೋರಿಸುತ್ತಾರೆ. ಅಲ್ಲಿಗೆ ಸಾಲಿನಲ್ಲಿ ಇನ್ನೆಷ್ಟು ಜನ ನಿಂತಿದ್ದರೂ ಆಯ್ಕೆ ಇರುವುದು ಒಬ್ಬನದೇ. ಪರೇಡ್ ವರದಿಗಳಲ್ಲಿ ‘ಹೋಲುವ ವ್ಯಕ್ತಿಗಳನ್ನು ನಿಲ್ಲಿಸಲಾಯಿತು’ ಎಂಬ ಒಂದೇ ಸಾಲು ಬರೆದು ಮುಗಿಸುವ ವಾಡಿಕೆ ಇದೆ. ಅವರ ವಯಸ್ಸು, ಎತ್ತರ, ಊರು ಯಾವುದೂ ಇಲ್ಲದಿದ್ದರೆ ಆ ಸಾಲಿಗೆ ನ್ಯಾಯಾಲಯದಲ್ಲಿ ಬೆಲೆ ಕಟ್ಟುವುದು ಕಷ್ಟ. ಸಾಲು ನೋಡಿದ ತಕ್ಷಣ ‘ಇವನೊಬ್ಬನೇ ಬೇರೆ ಥರ ಕಾಣುತ್ತಾನೆ’ ಎಂದು ನಿಮಗೆ ಅನ್ನಿಸಿದರೆ ಹಾಗೆಂದೇ ಹೇಳಿ ಬರೆಸಿ. ಸಾಕ್ಷಿಗೆ ಅದನ್ನು ಹೇಳುವ ಹಕ್ಕಿದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಾವು ದಿನವೂ ನೋಡದ ಜನಾಂಗದವರ ಮುಖಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ನಮಗೆ ಕಷ್ಟ ಎಂಬುದು ಮನಶ್ಶಾಸ್ತ್ರದಲ್ಲಿ ಬಹಳ ಗಟ್ಟಿಯಾಗಿ ಸ್ಥಾಪಿತವಾದ ಸಂಗತಿಗಳಲ್ಲಿ ಒಂದು. ಇದು ಯಾರ ಪೂರ್ವಗ್ರಹದ ಮಾತೂ ಅಲ್ಲ. ಅವರಿಗೂ ನಮ್ಮ ಮುಖಗಳು ಹಾಗೆಯೇ ಕಾಣುತ್ತವೆ. ಆದ್ದರಿಂದ ‘ಆ ಕಡೆಯವನು’ ಎಂದು ನೆನಪಿರುವುದಕ್ಕೂ ‘ಇವನೇ’ ಎಂದು ನೆನಪಿರುವುದಕ್ಕೂ ಇರುವ ಅಂತರವನ್ನು ನೀವು ನಿಮ್ಮೊಳಗೇ ಮೊದಲು ಕೇಳಿಕೊಳ್ಳಬೇಕು.

ಕತ್ತಿಯ ವಿಚಾರವೂ ಹೀಗೆಯೇ. ಆಯುಧ ಕಣ್ಣೆದುರಿಗೆ ಬಂದಾಗ ನೋಟ ಅದರ ಮೇಲೆಯೇ ಕೀಲಿಸುತ್ತದೆ, ಹಿಡಿದವನ ಮುಖ ಮಸುಕಾಗಿ ಉಳಿಯುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಗ್ಯಾರಿ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಉಪಯುಕ್ತ ವಿಂಗಡಣೆ ಮಾಡಿದರು: ಬೆಳಕು, ದೂರ, ಭಯ, ಆಯುಧ, ನೋಡಲು ಸಿಕ್ಕ ಸಮಯ ಇವು ಘಟನೆಯೊಂದಿಗೇ ಮುಗಿದುಹೋದವು, ಪೊಲೀಸರು ಇವನ್ನು ಬದಲಿಸಲಾರರು, ಫೋಟೋ ತೋರಿಸುವ ರೀತಿ, ಸಾಲಿನ ಆಯ್ಕೆ, ಸಾಕ್ಷಿಗೆ ಹೇಳುವ ಮಾತು ಇವು ಮಾತ್ರ ಪೂರ್ತಿ ವ್ಯವಸ್ಥೆಯ ಕೈಯಲ್ಲಿವೆ. ಮೊದಲನೆಯ ಗುಂಪಿನ ವಿಷಯದಲ್ಲಿ ನೀವು ಮಾಡಬಹುದಾದದ್ದು ಇಷ್ಟೇ: ಕಣದ ದೀಪ ಎಲ್ಲಿತ್ತು, ಅವನ ಮುಖದ ಮೇಲೆ ಬೆಳಕು ಬಿದ್ದಿತ್ತೇ ಅಥವಾ ಬೆನ್ನ ಹಿಂದಿತ್ತೇ, ಗಾಡಿಯ ಹೆಡ್‌ಲೈಟು ಉರಿಯುತ್ತಿತ್ತೇ, ನಿಮ್ಮಿಬ್ಬರ ನಡುವೆ ಎಷ್ಟು ದೂರವಿತ್ತು ಎಂಬುದನ್ನು ನೆನಪಿದ್ದಷ್ಟು ಮಾತ್ರ ಹೇಳುವುದು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಟರ್ನ್‌ಬುಲ್ ಪ್ರಕರಣದಲ್ಲಿ ಜ್ಯೂರಿಗಳಿಗೆ ಕೊಡಬೇಕಾದ ಎಚ್ಚರಿಕೆಯನ್ನು ರೂಪಿಸಿದಾಗ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಮುಂದಿಟ್ಟಿತು.

ಎಷ್ಟು ಜನ ಒಟ್ಟಾಗಿ ಹೇಳಿದರೂ ತಪ್ಪು ತಪ್ಪೇ ಎಂಬುದಕ್ಕೆ ಲಂಡನ್ನಿನ ಅಡಾಲ್ಫ್ ಬೆಕ್ ಪ್ರಕರಣ ಹಳೆಯ ಉದಾಹರಣೆ. ಹಲವು ಮಹಿಳೆಯರು ‘ನಮಗೆ ಮೋಸ ಮಾಡಿದವನು ಇವನೇ’ ಎಂದು ಗುರುತಿಸಿದ್ದರಿಂದ 1896ರಲ್ಲಿ ಶಿಕ್ಷೆಯಾಗಿ ಜೈಲಿಗೆ ಹೋಗಿ ಬಂದ ಬೆಕ್, 1904ರಲ್ಲಿ ಮತ್ತೆ ಅದೇ ರೀತಿಯ ಆರೋಪದಲ್ಲಿ ದೋಷಿಯಾದ; ಅಷ್ಟರಲ್ಲಿ ನಿಜವಾದ ವಂಚಕ ಸಿಕ್ಕಿಬಿದ್ದ. ಅಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ 1907ರ ಕಾಯ್ದೆಯಿಂದ ಹುಟ್ಟಿಕೊಳ್ಳಲು ಈ ಪ್ರಕರಣವೂ ಕಾರಣವಾಯಿತು. ಆದರೆ ನಿಮ್ಮ ಪರಿಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರೊನಾಲ್ಡ್ ಕಾಟನ್ ಎಂಬಾತನ ಕತೆ. ಅತ್ಯಾಚಾರಕ್ಕೆ ಒಳಗಾದ ಯುವತಿ ಮೊದಲು ಫೋಟೋಗಳಲ್ಲಿ ಅವನನ್ನು ಆರಿಸಿದಳು, ನಂತರ ಪರೇಡಿನಲ್ಲಿಯೂ ಅವನನ್ನೇ ಆರಿಸಿದಳು. ಎರಡರಲ್ಲಿಯೂ ಇದ್ದವನು ಅವನೊಬ್ಬನೇ. 1985ರಲ್ಲಿ ಶಿಕ್ಷೆಯಾಯಿತು, 1995ರಲ್ಲಿ ಡಿಎನ್‌ಎ ಪರೀಕ್ಷೆ ಅವನು ನಿರ್ದೋಷಿ ಎಂದು ತೋರಿಸಿತು. ಆಕೆ ಸುಳ್ಳು ಹೇಳಿರಲಿಲ್ಲ, ಆ ರಾತ್ರಿ ಮುಖವನ್ನು ನೆನಪಿಟ್ಟುಕೊಳ್ಳಲು ಪ್ರಯತ್ನಪಟ್ಟೂ ಇದ್ದಳು. ಪರೇಡಿನ ದಿನ ಅವಳಿಗೆ ಪರಿಚಿತವೆನಿಸಿದ್ದು ಫೋಟೋದಲ್ಲಿ ಕಂಡ ಮುಖ. ಅಮೆರಿಕದಲ್ಲಿ ಡಿಎನ್‌ಎ ಆಧಾರದಿಂದ ನಿರ್ದೋಷಿಗಳೆಂದು ತಿಳಿದುಬಂದ ಪ್ರಕರಣಗಳಲ್ಲಿ ಬಹುಪಾಲು ಕಡೆ ಪ್ರತ್ಯಕ್ಷ ಸಾಕ್ಷಿಯ ತಪ್ಪು ಗುರುತಿಸುವಿಕೆ ಒಂದು ಕಾರಣವಾಗಿತ್ತು.

ಈ ಕಾರಣಕ್ಕಾಗಿಯೇ, ಜೈಲಿಗೆ ಹೋಗುವ ಮುನ್ನ ಆ ವಾಟ್ಸ್‌ಆ್ಯಪ್ ಚಿತ್ರವನ್ನು ಮತ್ತೆ ತೆರೆದು ನೋಡಬೇಡಿ. ನಿಮ್ಮ ರೈಟರಿಗೂ ತೋರಿಸಬೇಡಿ. ‘ಮೀಸೆ ಇತ್ತಲ್ವಾ?’ ‘ಹೌದು, ಇತ್ತು’ ಎಂದು ನೀವಿಬ್ಬರೂ ಈ ತಿಂಗಳುಗಳಲ್ಲಿ ಸಹಜವಾಗಿಯೇ ಮಾತಾಡಿಕೊಂಡಿರುತ್ತೀರಿ. ಒಬ್ಬರ ನೆನಪು ಇನ್ನೊಬ್ಬರದರಲ್ಲಿ ಬೆರೆಯುವುದು ಹೀಗೆಯೇ. ಇನ್ನು ಮುಂದಾದರೂ ಮುಖದ ವಿಷಯ ಮಾತಾಡಬೇಡಿ. ಪರೇಡಿನ ದಿನ ನಿಮ್ಮಿಬ್ಬರನ್ನು ಒಬ್ಬೊಬ್ಬರಾಗಿ ಕರೆಯಬೇಕು, ಒಬ್ಬರು ಗುರುತಿಸುವುದು ಇನ್ನೊಬ್ಬರಿಗೆ ಕಾಣಬಾರದು, ಕೇಳಬಾರದು. ಮೊದಲನೆಯವರು ಮುಗಿಸಿದ ಮೇಲೆ ಎರಡನೆಯವರನ್ನು ಭೇಟಿಯಾಗದಂತೆ ಬೇರೆಡೆ ಕೂರಿಸಬೇಕು. ನಡುವೆ ಶಂಕಿತನಿಗೆ ಬೇಕಾದರೆ ಜಾಗ ಮತ್ತು ಬಟ್ಟೆ ಬದಲಿಸಿಕೊಳ್ಳುವ ಅವಕಾಶ ಕೊಡಬೇಕು. ಇವು ನೀವು ನೋಡಿಕೊಳ್ಳಬೇಕಾದ ಕೆಲಸಗಳಲ್ಲ, ಆದರೆ ನಡೆಯದಿದ್ದರೆ ಗಮನಿಸಿ ನೆನಪಿಡಿ.

ಈಗ ‘ಗುರುತಿಸಲು ಆಗದಿದ್ದರೆ’ ಎಂಬ ಪ್ರಶ್ನೆ. ಸಾಲಿನಲ್ಲಿ ಅವನು ಇರಲೂಬಹುದು, ಇರದೆಯೂ ಇರಬಹುದು ಎಂಬ ಮನಸ್ಸಿನಿಂದಲೇ ಒಳಗೆ ಹೋಗಿ. ಒಬ್ಬನು ಬಂಧನದಲ್ಲಿದ್ದಾನೆ, ಅಧಿಕಾರಿಗಳು ಇಷ್ಟು ಏರ್ಪಾಡು ಮಾಡಿದ್ದಾರೆ ಎಂದ ಮೇಲೆ ಕಳ್ಳನು ಇದ್ದೇ ಇರುತ್ತಾನೆಂದು ಊಹಿಸಿದರೆ ಮನಸ್ಸು ನೆನಪಿನೊಂದಿಗೆ ಹೋಲಿಸುವುದನ್ನು ಬಿಟ್ಟು ಇದ್ದವರಲ್ಲಿ ಯಾರು ಹೆಚ್ಚು ಹೋಲುತ್ತಾರೆ ಎಂದು ಹುಡುಕಲು ತೊಡಗುತ್ತದೆ. ‘ಇವರಲ್ಲಿ ಯಾರೂ ಅಲ್ಲ’ ಎಂಬುದೂ, ‘ಖಚಿತವಾಗಿ ಹೇಳಲಾರೆ’ ಎಂಬುದೂ ಪೂರ್ಣ ಉತ್ತರಗಳೇ. ಗುರುತಿಸಿದರೆ, ಅವನು ಅಂದು ಏನು ಮಾಡುತ್ತಿದ್ದ ಎಂಬುದನ್ನೂ ಹೇಳಬೇಕು. ಬಂಧಿತನು ಕತ್ತಿ ಎತ್ತಿದವನೋ ಟವೆಲ್ ಸುತ್ತಿಕೊಂಡವನೋ ಎಂಬುದು ನಿಮ್ಮ ಪತ್ರದಲ್ಲಿ ಇಲ್ಲ. ಪೊಲೀಸರು ಎರಡನೆಯವನೆಂದು ಹೇಳುತ್ತಿದ್ದರೆ, ಟವೆಲಿನ ಹಿಂದೆ ನಿಮಗೆ ಕಂಡದ್ದೇನು ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಪಾತ್ರ ಹೇಳದೆ ‘ಇಬ್ಬರಲ್ಲಿ ಒಬ್ಬ’ ಎಂದಷ್ಟೇ ಹೇಳುವ ಗುರುತಿಸುವಿಕೆ ದುರ್ಬಲವಾದದ್ದು. ನಿಮ್ಮ ವಿಶ್ವಾಸ ಎಷ್ಟೆಂಬುದನ್ನು ನಿಮ್ಮದೇ ಮಾತಿನಲ್ಲಿ ಆಗಲೇ ಬರೆಸಿ. ಪರೇಡ್ ಸರಿಯಾಗಿ ನಡೆದಿದ್ದರೆ ಆ ಕ್ಷಣದ ವಿಶ್ವಾಸಕ್ಕೆ ಬೆಲೆ ಇದೆ. ವರ್ಷಗಳ ನಂತರ ಕಟಕಟೆಯಲ್ಲಿ ತೋರುವ ವಿಶ್ವಾಸಕ್ಕೆ ಅಷ್ಟು ಬೆಲೆ ಇಲ್ಲ.

ನೀವು ಗುರುತಿಸದಿದ್ದರೆ ಕೇಸು ತಾನಾಗಿಯೇ ಮುಗಿಯುವುದಿಲ್ಲ. ಕಾಫಿ ಮೂಟೆಗಳು ಎಲ್ಲಿ ಮಾರಾಟವಾದವು, ಗಾಡಿ ಯಾರದು, ಆ ರಾತ್ರಿ ಅವನ ಮೊಬೈಲ್ ಯಾವ ಟವರಿನ ವ್ಯಾಪ್ತಿಯಲ್ಲಿತ್ತು, ರಸ್ತೆಯ ಸಿಸಿಟಿವಿಯಲ್ಲಿ ಏನಿದೆ, ಅವನ ಹೇಳಿಕೆಯಿಂದ ಮಾಲು ವಶವಾಗಿದೆಯೇ ಎಂಬ ದಾರಿಗಳು ತೆರೆದೇ ಇರುತ್ತವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಂಥ ಕಳವಿನ ಪ್ರಕರಣದಲ್ಲಿ ಕತ್ತಲಲ್ಲಿ ಕಂಡ ಮುಖಕ್ಕಿಂತ ಮಂಡಿಯ ಚೀಟಿಯೇ ಹೆಚ್ಚು ನಂಬಬಹುದಾದ ಸಾಕ್ಷಿ. ಪರೇಡಿನ ಮೇಲೆಯೇ ಎಲ್ಲ ಭಾರ ಹಾಕಿದ ತನಿಖೆಯಲ್ಲಿ ಉಳಿದ ಕೆಲಸ ಆಗಿರುವುದಿಲ್ಲ ಎಂಬ ಅನುಮಾನ ನನ್ನಂಥ ನಿವೃತ್ತ ಅಭಿಯೋಜಕರಿಗೆ, ಅಂದರೆ ಸರ್ಕಾರದ ಪರ ಕೇಸು ನಡೆಸಿದ ವಕೀಲರಿಗೆ, ಬರುವುದು ಸಹಜ.

ಎದುರಿಗೆ ನಿಲ್ಲುವ ಭಯದ ಬಗ್ಗೆ: ಅನೇಕ ಕಡೆ ಸಾಕ್ಷಿ ಸಾಲಿನ ಮುಂದೆಯೇ ನಡೆದು ನೋಡಬೇಕಾಗುತ್ತದೆ, ಒಮ್ಮುಖ ಗಾಜಿನ ಕೊಠಡಿಗಳು ಎಲ್ಲೆಡೆ ಇಲ್ಲ. ಹತ್ತಿರ ಹೋಗಿ ಮುಟ್ಟುವ ಅಗತ್ಯವಿಲ್ಲ. ದೂರದಿಂದ, ಕಿಟಕಿಯ ಹಿಂದಿನಿಂದ ನೋಡಿ ಸ್ಥಾನ ಹೇಳುತ್ತೇನೆಂದು ತಹಶೀಲ್ದಾರರನ್ನು ಮುಂಚಿತವಾಗಿ ಕೇಳಿಕೊಳ್ಳಿ. ನಿಜವಾದ ಬೆದರಿಕೆ ಇದ್ದರೆ, 2018ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ಸುರಕ್ಷಾ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಅಂಥ ಯೋಜನೆ ರೂಪಿಸಬೇಕೆನ್ನುತ್ತದೆ. ಅರ್ಜಿ ಬರೆಯಲು ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ, ಅಥವಾ 15100 ಸಹಾಯವಾಣಿಗೆ ಕರೆ ಮಾಡಿ.

ಹೊರಗೆ ಬಂದ ಮೇಲೆ ‘ನಾನು ತೋರಿಸಿದ್ದು ಸರಿಯಾಯಿತೇ’ ಎಂದು ಯಾರನ್ನೂ ಕೇಳಬೇಡಿ, ಹೇಳಲು ಬಂದರೆ ತಡೆಯಿರಿ. ‘ಸರಿಯಾಗಿ ಹಿಡಿದಿರಿ’ ಎಂಬ ಒಂದು ಮಾತು ಕೇಳಿದ ಸಾಕ್ಷಿಗಳು ತಮಗೆ ಮೊದಲಿಂದಲೂ ಖಚಿತವಾಗಿತ್ತು, ಮುಖ ಚೆನ್ನಾಗಿ ಕಂಡಿತ್ತು ಎಂದು ನಂಬತೊಡಗುತ್ತಾರೆಂದು ವೆಲ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ದೋಷಾರೋಪಣ ಪಟ್ಟಿ ಸಲ್ಲಿಕೆಯಾಗಿ ನಿಮಗೆ ಸಮನ್ಸ್ ಬಂದ ದಿನ, ಸಾಕ್ಷಿ ನುಡಿಯುವ ಮೊದಲೇ ಸರ್ಕಾರಿ ಅಭಿಯೋಜಕರನ್ನು ಕಂಡು ಫೋಟೋ ಬಂದದ್ದು, ನೀವು ‘ಇರಬಹುದು’ ಎಂದದ್ದು, ಪರೇಡಿನಲ್ಲಿ ಬರೆಸಿದ್ದು ಎಲ್ಲವನ್ನೂ ತಿಳಿಸಿ. ಮುಖ್ಯ ವಿಚಾರಣೆಯಲ್ಲಿ, ಅಂದರೆ ಅವರು ನಿಮ್ಮನ್ನು ಮೊದಲು ಪ್ರಶ್ನಿಸುವಾಗ, ಅವರೇ ಅದನ್ನು ಕೇಳಿ ದಾಖಲಿಸಬಹುದು. ಪಾಟೀ ಸವಾಲಿನಲ್ಲಿ ಅದು ಮೊದಲ ಬಾರಿಗೆ ಹೊರಬಿದ್ದರೆ ಆಗುವ ಹಾನಿಯನ್ನು ಅವರು ಸರಿಪಡಿಸಲಾರರು.